ಅಪ್ಪನ ಕಾರಿನ ಇಂಜಿನ್, ನನ್ನ ಹಠ

ನನ್ನದು ಮೊದಲಿನಿಂದಲೂ ಮೊಂಡು ಸ್ವಭಾವ. ಸತ್ತಿ ಊರಿನ ನಮ್ಮ ಮನೆಯ ಶೆಡ್ಡಿನಲ್ಲಿ ಅಪ್ಪನ ಹಳೆಯ ಅಂಬಾಸಿಡರ್ ಇಂಜಿನ್ ಜಾಮಾಗಿ ನಿಂತಿತ್ತು. ಎಂಬತ್ತರ ಹತ್ತಿರವಿದ್ದ ಅಪ್ಪನಿಗೆ ಒಂದೇ ಆಸೆ. ಪಂಚಮಿ ಹಬ್ಬಕ್ಕೆ ತನ್ನ ತಂಗಿಯನ್ನು ಅಕ್ಕೋಳದಿಂದ ಅದೇ ಕಾರಿನಲ್ಲಿ, ತಾನೇ ನಡೆಸಿಕೊಂಡು, ಇನ್ನೊಮ್ಮೆ ತವರಿಗೆ ಕರೆತರಬೇಕು. ಮದುವೆಯಾದಾಗಿನಿಂದ ಆ ನನ್ನ ಸೋದರತ್ತೆಯನ್ನು ಹಬ್ಬಕ್ಕೆ ಕರೆಯಲು ಹೋಗುತ್ತಿದ್ದವನು ಅಪ್ಪನೇ.

ಅಥಣಿಯಿಂದ ಬಂದ ಮಿಸ್ತ್ರಿ ಬಾನೆಟ್ ಎತ್ತಿ ನೋಡಿದ. "ಎಂಟ ದಿನಾ ಕೊಡ್ರಿ ಸಾವ್ಕಾರ್ರ. ಹೊಸಾ ಡೀಸೆಲ್ ಇಂಜಿನ್ ಕೂಡಸ್ತೀನಿ. ಸೆಲ್ಫ್ ಹೊಡದ್ರ ಸಾಕು, ಓಡ್ತೈತಿ."

ನನಗೆ ಮೈಯೆಲ್ಲ ಉರಿಯಿತು. "ಇಂಜಿನ್ನ ಬ್ಯಾರೇ ಆದ್ರ ಅದು ಅಪ್ಪನ ಗಾಡಿ ಹೆಂಗ ಆಗತೈತಿ? ಒರಿಜಿನಲ್ ಇದ್ದದ್ದ ಚಾಲೂ ಆಗಬೇಕು!"

ಅಪ್ಪ ನಕ್ಕ. "ಲೇ ತಮ್ಮಾ, ಟೈರ್ ಬದಲ ಮಾಡಿಲ್ಲೇನ? ಬ್ಯಾಟರಿ? ಗಾಡಿ ಓಡಬೇಕು, ಇಷ್ಟ. ಪೂಜಾ ಮಾಡಾಕ ಇಡಾಂವೇನ ನೀ ಅದನ್ನ?"

ಆದರೂ ಓದಿದ ಮಗ ಹೇಳುತ್ತಾನೆಂದು ಸುಮ್ಮನಾದ. ನಾನು ಕೊಲ್ಲಾಪುರ, ಸಾಂಗಲಿಯ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆ. ಪಿಸ್ಟನ್ ಸಿಕ್ಕರೆ ಕ್ರ್ಯಾಂಕ್ ಇಲ್ಲ, ಅದು ಸಿಕ್ಕರೆ ಕಾರ್ಬುರೇಟರ್ ಇಲ್ಲ. ಸಿಕ್ಕ ಒಂದೊಂದು ಸಾಮಾನಿನ ಫೋಟೋವನ್ನೂ ಹಳೆಯ ಕಾರಿನ ಹುಚ್ಚರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಸುಳ್ಳೇಕೆ ಹೇಳಲಿ, ಅವರ ಹೊಗಳಿಕೆ ನನಗೆ ಬಹಳ ರುಚಿಸಿತ್ತು.

ಪಂಚಮಿ ಬಂತು. "ನನ್ನ ಕಾರಿನಾಗ ಹೋಗೂಣು, ನಡೀ" ಎಂದೆ.

"ನಿನ್ನ ಗಾಡ್ಯಾಗ ಹ್ವಾದ್ರ ನೀ ಕರದಂಗ ಆತು. ನಾ ಕರದಂಗ ಹೆಂಗ ಆಗತೈತಿ?" ಎಂದು ಅಪ್ಪ ಕುಳಿತಲ್ಲಿಂದ ಏಳಲಿಲ್ಲ. ಅತ್ತೆಯದೂ ಅದೇ ರಕ್ತ. "ಅಣ್ಣಾ, ನೀ ಬಂದ್ರ ಅಷ್ಟ ಬರತೇನಿ" ಎಂದು ಫೋನಿನಲ್ಲಿ ಹೇಳಿದಳು. ಮರುವರ್ಷದ ಪಂಚಮಿಯೂ ಹಾಗೆಯೇ ಹೋಯಿತು.

ಆ ಚಳಿಗಾಲದಲ್ಲಿ ಅತ್ತೆ ತೀರಿಕೊಂಡಳು. ಮಣ್ಣಿಗೆ ನನ್ನ ಕಾರಿನಲ್ಲೇ ಹೋದೆವು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಹಿಡಿದ ಕೆಲಸ ಬಿಡಲಿಲ್ಲ ನೋಡಿ.

ತಿಂಗಳ ಮೇಲೆ ಒರಿಜಿನಲ್ ಇಂಜಿನ್ ಚಾಲೂ ಆಯಿತು. ಮಿಸ್ತ್ರಿ ಚಪ್ಪಾಳೆ ತಟ್ಟಿದ, ಓಣಿಯ ಮಂದಿ ಕೂಡಿದರು. ನಾನು ಅಪ್ಪನ ಕೈ ಹಿಡಿದು ತಂದು ಸ್ಟೇರಿಂಗ್ ಮುಂದೆ ಕೂರಿಸಿದೆ. ಅವನು ಸ್ಟೇರಿಂಗನ್ನು ಒಮ್ಮೆ ಸವರಿದ.

"ಭಾಳ ಚಲೋ ಮಾಡೀದಿ ತಮ್ಮಾ" ಎಂದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ.

"ಈಗ ಎಲ್ಲಿಗೆ ಹೋಗಲಿ?"