ಮೊಣಕೈಗೆ ಜಾರಿದ ತಾಯಿತ

ತಾಯಿತದಿಂದಲೇ ಶುರುಮಾಡುತ್ತೇನೆ. ಉಳಿದದ್ದನ್ನೆಲ್ಲ ಎಷ್ಟೋ ಸಲ ಹೇಳಿ ಹೇಳಿ ನುಣ್ಣಗೆ ಮಾಡಿಬಿಟ್ಟಿದ್ದೇನೆ. ತಾಯಿತ ಮಾತ್ರ ಇನ್ನೂ ಒರಟಾಗಿ ಉಳಿದಿದೆ.

ಅಜ್ಜಿ ಅದನ್ನು ನನಗೂ ಚಿಕ್ಕಮ್ಮನ ಮಗನಿಗೂ ಒಂದೇ ದಿನ ಕಟ್ಟಿದಳು. ಒಂದೇ ಉಂಡೆಯ ಕಪ್ಪು ದಾರ, ಒಂದೇ ಅಳತೆಯ ತಾಮ್ರದ ಕೊಳವೆ, ಇಬ್ಬರಿಗೂ ಬಲತೋಳಿಗೆ. ಅವನು ಮಾವಿನ ಸುಗ್ಗಿ ಮುಗಿಸಿಕೊಂಡು ಶ್ರೀನಿವಾಸಪುರದಿಂದ ಕೋಲಾರಕ್ಕೆ, ನಮ್ಮ ಮನೆಗೆ ಬಂದಿದ್ದ. ಸುಗ್ಗಿ ಮುಗಿಸಿದ ಎಂದರೆ ಹಣ್ಣು ಕಿತ್ತ ಎಂದಲ್ಲ, ತಿಂದ ಎಂದು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವನು, ಸುತ್ತಳತೆಯಲ್ಲಿ ಸಮ. ಯುದ್ಧದ ಕಾಲ. ಅಕ್ಕಿ ಅಳತೆಯ ಮೇಲೆ ಸಿಗುತ್ತಿತ್ತು, ಊರೆಲ್ಲ ಬಡಕಲಾಗುತ್ತಿತ್ತು. ಅಂಥದರಲ್ಲಿ ನಾವಿಬ್ಬರೂ ಬೀದಿಯಲ್ಲಿ ನಡೆದರೆ ಜಗಲಿಯ ಹೆಂಗಸರು "ಜೋಡಿ ಕಣಜ ಬಂತು ನೋಡ್ರೇ" ಅನ್ನುತ್ತಿದ್ದರು. ಅವನು ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ನನಗೆ ಬೇಕಾಗಿದ್ದದ್ದು ಒಂದೇ. ದಸರೆಯಲ್ಲಿ ಮುಳಬಾಗಿಲಿನ ಗರಡಿಯವರಿಗೂ ನಮ್ಮ ಗರಡಿಯವರಿಗೂ ಕುಸ್ತಿ ನಡೆಯುತ್ತಿತ್ತು. ಹಳಬರ ಜೊತೆ ಎರಡೂ ಕಡೆಯಿಂದ ಒಬ್ಬೊಬ್ಬ ಹೊಸಬನನ್ನು ಇಳಿಸುವುದು ವಾಡಿಕೆ. ಆ ಹೊಸಬ ನಾನಾಗಬೇಕು. ಅದಕ್ಕಾಗಿಯೇ ಅವನು ಬರುವ ಮೊದಲೇ ನಾನು ಗರಡಿ ಸೇರಿದ್ದೆ. ಅವನು ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ "ಅಣ್ಣಾ, ನಾನೂ ಬರ್ತೀನಿ, ಮನೇಲಿ ಬೇಜಾರು" ಎಂದು ಹಿಂದೆಯೇ ಬಂದ. ನಾನು ಒಂದು ವರ್ಷದಿಂದ ಆಸೆಪಟ್ಟ ಜಾಗಕ್ಕೆ ಅವನು ಬೇಜಾರು ಕಳೆಯಲು ಬಂದ.

ನಮಗೆ ಕುಸ್ತಿ ಕಲಿಸುವ ವಸ್ತಾದರಿಗೆ ಒಂದು ನಿಯಮವಿತ್ತು. ದಪ್ಪಗಿರುವವನ ಮೈ ಮೊದಲು ಇಳಿಯಬೇಕು. ಪೂರ್ತಿ ಇಳಿದ ಮೇಲೆ ಏರಬೇಕು. ಇಳಿಯುವ ಕಾಲದಲ್ಲಿ ಮಜ್ಜಿಗೆ, ರಾಗಿ ಗಂಜಿ, ಅಂತರಗಂಗೆ ಬೆಟ್ಟದ ಮೆಟ್ಟಿಲ ಮೇಲೆ ಓಟ. ಭಾರ ಮುಟ್ಟುವಂತಿಲ್ಲ. ಏರುವ ಕಾಲ ಬಂದ ಮೇಲೆ ಹಾಲು, ಮೊಟ್ಟೆ, ಮಾಂಸ, ಕಲ್ಲುಗುಂಡು. ಎರಡನ್ನೂ ಒಟ್ಟಿಗೆ ಮಾಡಿದರೆ ಎರಡೂ ಕೆಡುತ್ತವೆ ಎಂಬುದು ಅವರ ಖಚಿತ ನಂಬಿಕೆ.

"ಮನೆ ಬೀಳಿಸೋವಾಗ ಯಾರಾದ್ರೂ ಗೋಡೆ ಕಟ್ತಾರೇನ್ರೋ? ಮೊದ್ಲು ಹಳೇದು ಬೀಳ್ಬೇಕು, ಮಣ್ಣು ಆಚೆ ಹೋಗ್ಬೇಕು. ಆಮೇಲೆ ಹೊಸದು."

ಚಿಕ್ಕಮ್ಮನ ಮಗ ಲಂಗೋಟಿ ಬಿಗಿಯುತ್ತಿದ್ದವನು ತಲೆಯೆತ್ತಿದ. "ನಮ್ಮೂರಾಗೆ ಹಳೇ ಗೋಡೆ ಮಣ್ಣೇ ಕಲಸಿ ಹೊಸಾ ಗೋಡೆ ಕಟ್ತಾರೆ ವಸ್ತಾದ್ರೇ. ಆಚೆ ಯಾಕೆ ಹಾಕ್ಬೇಕು?"

ಗರಡಿಯೆಲ್ಲ ನಕ್ಕಿತು. ವಸ್ತಾದರೂ ನಕ್ಕರು. "ಏಮಿರಾ, ನೀನು ಕುಸ್ತಿಗೆ ಬಂದಿದೀಯೋ ಗಾರೆ ಕೆಲ್ಸಕ್ಕೋ?" ಎಂದು ಅವನ ತಲೆಗೆ ಮೊಟಕಿದರು. ನಾನು ಅಷ್ಟು ದಿನ ಅವರು ಹೇಳಿದ್ದನ್ನೆಲ್ಲ ಬಾಯಿ ಬಿಡದೆ ಕೇಳಿದ್ದೆ. ನನಗೆ ಒಂದು ಮೊಟಕೂ ಸಿಕ್ಕಿರಲಿಲ್ಲ. ಆ ಮಾತನ್ನು ಅವನು ಯೋಚಿಸಿ ಹೇಳಿದನೆಂದು ಇಂದಿಗೂ ನಾನು ಒಪ್ಪುವುದಿಲ್ಲ. ಅವನು ಯಾವುದನ್ನೂ ಯೋಚಿಸಿ ಮಾಡಿದವನಲ್ಲ.

ಆ ವರ್ಷ ಮಳೆ ಕೈಕೊಟ್ಟು ನಮ್ಮ ತರಕಾರಿ ತೋಟದ ಬಾವಿ ಬತ್ತಿತು. ಅಪ್ಪ ಹುತ್ತೂರಿನ ಕಡೆಯಿಂದ ಬಾವಿ ತೋಡುವವರನ್ನು ಕರೆಸಿದ. ಆಳಕ್ಕೆ ಹೋದಂತೆ ಬಂಡೆ ಸಿಕ್ಕಿತು, ಕೆಲಸ ತಿಂಗಳುಗಟ್ಟಲೆ ಎಳೆಯಿತು. ಒಂದು ದಿನ ಹಗ್ಗ ಎಳೆಯುವವನಿಗೆ ಜ್ವರ. ಅಪ್ಪ ಮನೆಯೊಳಗೆ ಬಂದು ನಮ್ಮಿಬ್ಬರನ್ನೂ ನೋಡಿದ. ನಾನು ವಸ್ತಾದರ ನಿಯಮ ಹೇಳಿದೆ. ಅವನು "ಹೋಗ್ತೀನಿ ಬಿಡಿ ದೊಡ್ಡಪ್ಪ" ಎಂದು ಎದ್ದ. ಬಾವಿಯವರಿಗೆ ಅಮ್ಮ ಬೇಯಿಸುತ್ತಿದ್ದ ಹುರಳಿಕಾಳಿನ ವಾಸನೆ ಅವನ ಮೂಗಿಗೆ ಬಡಿದಿತ್ತು, ಬೇರೇನೂ ಅಲ್ಲ.

ಅಲ್ಲಿಂದಾಚೆ ಅವನ ದಿನ ಹೀಗೆ: ಬೆಳಗಿನಿಂದ ಬಾವಿಕಟ್ಟೆಯ ಮೇಲೆ ನಿಂತು ಕಲ್ಲು ತುಂಬಿದ ಮಂಕರಿಯನ್ನು ಹಗ್ಗದಲ್ಲಿ ಮೇಲೆತ್ತುವುದು, ಹೊತ್ತು ಹಾಕುವುದು. ನಡುವೆ ಮುದ್ದೆ, ಹುರಳಿಕಾಳು, ನಾಟಿ ಮೊಟ್ಟೆ, ಚೊಂಬು ತುಂಬ ಮಜ್ಜಿಗೆ. ಮಾವು ಮುಗಿದಿತ್ತು, ಬೆಲ್ಲದ ಡಬ್ಬಕ್ಕೆ ಅಮ್ಮ ಬೀಗ ಹಾಕಿದ್ದಳು, ತುಪ್ಪ ಯಾರಿಗೂ ಇರಲಿಲ್ಲ. ಸಂಜೆ ಗರಡಿ. ದೀಪ ಹಚ್ಚುವ ಹೊತ್ತಿಗೆ ನಡುಮನೆಯಲ್ಲಿ ಗೊರಕೆ. ನನ್ನ ದಿನ: ಗಂಜಿ, ಬೆಟ್ಟ, ಗಂಜಿ. ಅವನ ಗೊರಕೆ ಕೇಳುತ್ತ ನಾನು ಹಸಿವಿಗೆ ಹೊರಳಾಡುತ್ತಿದ್ದೆ.

ವಸ್ತಾದರಿಗೆ ಇದು ಗೊತ್ತಾಗಿ ಬೈದರು. "ಭಾರ ಮುಟ್ಬೇಡ ಅಂದಿರ್ಲಿಲ್ವೇನೋ?"

"ದೊಡ್ಡಪ್ಪನಿಗೆ ಹೆಂಗೆ ಇಲ್ಲ ಅನ್ಲಿ ವಸ್ತಾದ್ರೇ? ಉಣ್ಣೋ ಮನೆ."

"ಉಣ್ಣೋದೂ ಜಾಸ್ತಿ ಆಗೈತೆ ನಿಂದು. ಅಮಾಸೆಗೆ ತಕ್ಕಡಿ ಹೇಳ್ತೈತೆ ಬಿಡು."

ಅಮಾವಾಸ್ಯೆಗೆ ತಕ್ಕಡಿ ಎಂಬುದು ನಮ್ಮ ಗರಡಿಯ ಪದ್ಧತಿ. ಇಳಿಯುವವರನ್ನೆಲ್ಲ ವಸ್ತಾದರು ಹುಣಿಸೆಹಣ್ಣಿನ ಮಂಡಿಗೆ ಕರೆದೊಯ್ಯುತ್ತಿದ್ದರು. ಅಲ್ಲಿ ತೊಲೆಗೆ ತೂಗುಹಾಕಿದ ದೊಡ್ಡ ತಕ್ಕಡಿ. ಒಂದು ತಟ್ಟೆಯಲ್ಲಿ ನಾವು ಕುಕ್ಕರಗಾಲಲ್ಲಿ ಕೂರಬೇಕು, ಇನ್ನೊಂದರಲ್ಲಿ ತೂಕದ ಕಲ್ಲು. ಮೊದಲ ಸಲ ನಮ್ಮಿಬ್ಬರನ್ನು ತೂಗಿದಾಗ ಮಂಡಿಯವನು "ಹುಣಿಸೆಹಣ್ಣು ಚೆನ್ನಾಗೈತೆ ವಸ್ತಾದ್ರೇ, ಬೀಜ ತೆಗೆದಿದ್ದೀರೋ ಹಂಗೇ ಐತೋ?" ಎಂದಿದ್ದ. ಆಮೇಲೆ ಪ್ರತಿ ಅಮಾವಾಸ್ಯೆಗೂ ನನ್ನ ಎದುರಿನ ತಟ್ಟೆಯಿಂದ ಕಲ್ಲು ತೆಗೆಯುತ್ತ ಹೋದರು. ಅವನ ಎದುರಿನ ತಟ್ಟೆ ಹಾಗೆಯೇ ಇತ್ತು. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿರುವುದನ್ನು ನೋಡಿ ನನಗೆ ಆದ ಸಂತೋಷ ಇನ್ನೂ ನೆನಪಿದೆ. ಅದೊಂದನ್ನು ನೆನಪು ತಿದ್ದಿಲ್ಲ.

ಆದರೆ ತಕ್ಕಡಿ ಒಂದು ಹೇಳುತ್ತಿತ್ತು, ಬಚ್ಚಲುಮನೆ ಇನ್ನೊಂದು. ಅವನು ಸ್ನಾನಕ್ಕೆ ನಿಂತಾಗ ನೋಡಿದೆ. ಸೊಂಟದ ಬೆಳ್ಳಿಯ ಉಡಿದಾರ, ಬಂದಾಗ ಹೊಟ್ಟೆಯ ಮಡಿಕೆಯಲ್ಲಿ ಹೂತುಹೋಗಿದ್ದದ್ದು, ಈಗ ತೊಡೆಯವರೆಗೆ ಜಾರುತ್ತಿತ್ತು. ನನ್ನ ಉಡಿದಾರವೂ ಜಾರುತ್ತಿತ್ತು, ಅಷ್ಟರಮಟ್ಟಿಗೆ ಸಮಾಧಾನ. ಆದರೆ ತೂಕ ಕಳೆದುಕೊಳ್ಳದವನ ಉಡಿದಾರ ಯಾಕೆ ಜಾರಬೇಕು? ಹೊಟ್ಟೆ ಹೋದದ್ದು ಎಲ್ಲಿಗೆ?

ಉತ್ತರವನ್ನು ಅಮ್ಮ ತೋರಿಸಿದಳು, ತೋರಿಸುತ್ತಿದ್ದೇನೆಂದು ಗೊತ್ತಿಲ್ಲದೆ. ಒಂದು ಮಧ್ಯಾಹ್ನ ಅವನು ಅಡುಗೆಮನೆಯ ಹೊಸಿಲ ಮೇಲೆ ಕೂತು ತೋಳು ಚಾಚಿದ್ದ. ತಾಯಿತದ ದಾರ ತೋಳಿಗೆ ಕಚ್ಚಿಕೊಂಡು ಕೆಂಪಗೆ ಗೆರೆ ಬಿದ್ದಿತ್ತು.

"ಕೈ ಜೋಮು ಹಿಡಿತೈತೆ ದೊಡ್ಡಮ್ಮ, ಒಂಚೂರು ಸಡಿಲ ಮಾಡು."

ಅಮ್ಮ ಉಗುರಿನಲ್ಲಿ ಗಂಟು ಬಿಚ್ಚಲು ನೋಡಿದಳು, ಆಗಲಿಲ್ಲ. ಬಗ್ಗಿ ಹಲ್ಲಿನಲ್ಲಿ ಕಚ್ಚಿ ಬಿಡಿಸಿದಳು. ಬಿಡಿಸಿ, ಉದ್ದದ ದಾರ ಹಾಕಿ ಮತ್ತೆ ಕಟ್ಟಿ, ಆ ತೋಳನ್ನು ಹಿಸುಕಿ ನೋಡಿ ನಕ್ಕಳು. "ಅಯ್ಯೋ, ಒನಕೆ ಹಿಡ್ದಂಗೈತಲ್ಲೋ!" ಆಮೇಲೆ ಅಲ್ಲೇ ನಿಂತಿದ್ದ ನನ್ನ ಕಡೆ ತಿರುಗಿದಳು. ನನ್ನ ತಾಯಿತ ಮೊಣಕೈಗೆ ಬಂದು ಕೂತಿತ್ತು. "ನಿಂದ್ಯಾಕೋ ಹಿಂಗೆ ಜಾರೈತೆ? ಹುಷಾರಾಗಿದ್ದೀಯ ತಾನೆ?"

ಅಮ್ಮ ನಿಜವಾಗಿಯೂ ಹಲ್ಲಿನಿಂದ ಕಚ್ಚಿದಳೋ ಅಥವಾ ಈಳಿಗೆಯ ತುದಿಯಿಂದ ಬಿಡಿಸಿದಳೋ, ಆಣೆ ಮಾಡಿ ಹೇಳಲಾರೆ. ಅವಳ ಬಾಯನ್ನು ಅವನ ತೋಳಿನ ಅಷ್ಟು ಹತ್ತಿರ ಇಟ್ಟದ್ದು ನನ್ನ ಹೊಟ್ಟೆಕಿಚ್ಚೇ ಇರಬಹುದು. ಆದರೆ ದಾರಗಳ ವಿಷಯದಲ್ಲಿ ಸಂದೇಹವಿಲ್ಲ. ಒಂದೇ ದಿನ ಕಟ್ಟಿದ ಎರಡು ದಾರ. ನನ್ನ ಸೊಂಟವೂ ಇಳಿದಿತ್ತು, ತೋಳೂ ಇಳಿದಿತ್ತು. ಅವನ ಸೊಂಟ ಇಳಿದು ತೋಳು ಏರಿತ್ತು. ಇಳಿದಷ್ಟೇ ಏರಿದರೆ ಹುಣಿಸೆಹಣ್ಣಿನ ತಕ್ಕಡಿಗೆ ಏನು ತಿಳಿಯಬೇಕು? ಅದು ಸುಮ್ಮನೆ ನೆಟ್ಟಗೆ ನಿಂತಿತ್ತು. ವಸ್ತಾದರು ಆಗುವುದೇ ಇಲ್ಲ ಎಂದದ್ದು ನಮ್ಮ ಹೊಸಿಲ ಮೇಲೆ ಕೂತು ಹುರಳಿಕಾಳು ಅಗಿಯುತ್ತಿತ್ತು.

ನಾನು ವಸ್ತಾದರಿಗೆ ಹೇಳಲಿಲ್ಲ. ಯಾಕೆ ಹೇಳಬೇಕು? ತಕ್ಕಡಿ ನನ್ನ ಪಕ್ಷದಲ್ಲಿತ್ತು.

ದಸರೆಗೆ ಮುಂಚಿನ ಅಮಾವಾಸ್ಯೆಯಂದು ಮಂಡಿಯಲ್ಲೇ ತೀರ್ಮಾನವಾಯಿತು. ವಸ್ತಾದರು ನನ್ನ ಬೆನ್ನು ತಟ್ಟಿದರು. "ಇವನು ಹೇಳ್ದಂಗೆ ಕೇಳ್ದ, ಇಳ್ದ. ಅವನು ಇದ್ದಲ್ಲೇ ಅವ್ನೆ. ಮುಳಬಾಗಿಲಿಗೆ ಇವನೇ ಇಳೀಲಿ."

"ಅಣ್ಣನೇ ಇಳೀಲಿ ಬಿಡಿ. ನಾನು ಎಣ್ಣೆ ಬಟ್ಟಲು ಹಿಡ್ಕೊಂಡು ಬರ್ತೀನಿ. ಅಲ್ಲಿ ಊಟ ಹಾಕ್ತಾರಂತಲ್ಲ?" ಎಂದ ಅವನು. ಮುಖದಲ್ಲಿ ಒಂದು ಗೆರೆಯಷ್ಟಾದರೂ ದುಃಖ ಕಾಣಿಸಿದ್ದರೆ ಅವನನ್ನು ಕ್ಷಮಿಸಿಬಿಡುತ್ತಿದ್ದೆ. ನನ್ನ ಒಂದು ವರ್ಷದ ಆಸೆಯನ್ನು ಅವನು ಬಸ್ಸಿನ ಸೀಟು ಬಿಟ್ಟುಕೊಟ್ಟ ಹಾಗೆ ಬಿಟ್ಟುಕೊಟ್ಟ.

ನಿಯಮದ ಎರಡನೆಯ ಅರ್ಧ, ಏರುವ ಕಾಲ, ನನಗೆ ಬರಲೇ ಇಲ್ಲ. ಅದು ಬರುವಷ್ಟರಲ್ಲಿ ದಸರೆ ಬಂತು.

ಮುಳಬಾಗಿಲಿನ ಮಣ್ಣು ನಮ್ಮದಕ್ಕಿಂತ ಕೆಂಪು. ನಾನು ಲಂಗೋಟಿಯಲ್ಲಿ ಇಳಿದಾಗ ಗುಂಪಿನಲ್ಲಿ ಯಾರೋ ತೆಲುಗಿನಲ್ಲಿ ಕೂಗಿದರು: "ಏಮಪ್ಪಾ, ಕೋಲಾರು ನುಂಚಿ ಪುಲ್ಲ ತೆಚ್ಚಿನಾರು!" ಕೋಲಾರದಿಂದ ಕಡ್ಡಿ ತಂದಿದ್ದಾರೆ ಎಂದು. ನಗು. ಇನ್ನೊಬ್ಬ ಅಂಚಿನಲ್ಲಿ ಎಣ್ಣೆ ಬಟ್ಟಲು ಹಿಡಿದು ನಿಂತವನನ್ನು ತೋರಿಸಿ, "ಆ ಎಣ್ಣೆಯವನ್ನ ಇಳಿಸ್ರಪ್ಪೋ, ಅವನು ಕುಸ್ತಿಯವನಂಗವ್ನೆ" ಎಂದ. ಆ ಮಾತು ಕೇಳಿದ ಮೇಲೆ ಎದುರಿನ ಹುಡುಗ ನನ್ನನ್ನು ಎಲ್ಲಿ ಹಿಡಿದ, ಹೇಗೆ ಎತ್ತಿದ ಎಂಬುದು ನನಗೆ ತಿಳಿಯದು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು. ನನ್ನ ಬೆನ್ನು ತಾಗಿತು. ಬೆವರಿಗೆ ಅಂಟಿದ ಆ ಕೆಂಪು ಮಣ್ಣು ಒರೆಸಿದರೂ ಹೋಗಲಿಲ್ಲ. ಅಂಗಿಯೊಳಗೆ ಅದನ್ನು ಹೊತ್ತುಕೊಂಡೇ ಬಸ್ಸು ಹತ್ತಿದೆ.

ಆಗ ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿಗೆ ತಿರುಗಿದ್ದವು. ಹಿಂಬದಿಯಲ್ಲೊಂದು ದೊಡ್ಡ ಪೀಪಾಯಿ, ಅದರಲ್ಲಿ ಇದ್ದಿಲು ಉರಿಸಿ ಬಂದ ಗ್ಯಾಸಿನಲ್ಲಿ ಗಾಡಿ ಓಡಬೇಕು. ಕೋಲಾರದ ದಾರಿಯ ಒಂದು ಏರಿನಲ್ಲಿ ಅದು ಕೆಮ್ಮಿ ನಿಂತಿತು. "ಗಟ್ಟಿಯಾಗಿರೋರೆಲ್ಲ ಇಳೀರಪ್ಪಾ, ತಳ್ಳಿ" ಎಂದ ಕಂಡಕ್ಟರು. ಯಾರನ್ನು ನೋಡಿ ಹೇಳಿದ ಎಂದು ನನಗೆ ಗೊತ್ತು. ಆದರೂ ಇಳಿದೆ. ಪೀಪಾಯಿ ಸುಡುತ್ತಿದ್ದರಿಂದ ಪಕ್ಕದಿಂದ ತಳ್ಳಬೇಕು. ನನ್ನ ಮುಂದೆ ಅವನು, ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು. ಅವನು ಕಾಲೂರಿದಾಗ ಬೆನ್ನಿನ ಎರಡೂ ಪಕ್ಕ ಏನೋ ಎದ್ದು ಸರಿದು ಮತ್ತೆ ಕೂತಿತು, ನೊಗಕ್ಕೆ ಕೊರಳು ಕೊಟ್ಟ ಎತ್ತಿನಲ್ಲಿ ಆಗುವ ಹಾಗೆ. ಬಸ್ಸು ಅಲುಗಿತು. ನಾನೂ ತಳ್ಳಿದೆ. ನನ್ನ ತಾಯಿತ ಮೊಣಕೈ ದಾಟಿ, ಮಣಿಕಟ್ಟು ದಾಟಿ, ರಸ್ತೆಗೆ ಬಿತ್ತು.

ಅವನು ಬಗ್ಗಿ ಎತ್ತಿಕೊಂಡ. "ಅಣ್ಣಾ, ನಿನ್ ತಾಯಿತ."

ಕಿಟಕಿಯಲ್ಲಿ ವಸ್ತಾದರ ಮುಖವಿತ್ತು. ಚಾಚಿದ ಅವನ ತೋಳನ್ನು ನೋಡಿದರು, ತೆಗೆದುಕೊಳ್ಳಲು ಚಾಚಿದ ನನ್ನ ತೋಳನ್ನು ನೋಡಿದರು.

ಮುಂದಿನ ಅಮಾವಾಸ್ಯೆಗೆ ಮಂಡಿಗೆ ಹೋಗಲಿಲ್ಲ. ವಸ್ತಾದರು ಗರಡಿಯಲ್ಲೇ ದಾರದ ಉಂಡೆ ಹಿಡಿದು ಕೂತು ಒಬ್ಬೊಬ್ಬರ ಸೊಂಟಕ್ಕೂ ತೋಳಿಗೂ ಸುತ್ತಿ ಅಳತೆಗೆ ಗಂಟು ಹಾಕಿದರು. ನನ್ನ ಸರದಿ ಬಂದಾಗ ತಗ್ಗಿದ ದನಿಯಲ್ಲಿ ಹೇಳಿದರು, "ನಾಳೆಯಿಂದ ನೀನೂ ಅವನ ಜೊತೆ ಬಾವಿಗೆ ಹೋಗೋ. ಅವನು ತಿಂದಂಗೆ ತಿನ್ನು. ಸಂಕ್ರಾಂತಿ ಆದ್ಮೇಲೆ ಮಾಲೂರಿನಲ್ಲಿ ಕುಸ್ತಿ ಐತೆ, ನೋಡಾಣ."

ಮರುದಿನ ಬೆಳಿಗ್ಗೆ ತೋಟಕ್ಕೆ ಓಡಿದೆ. ಬಾವಿಯವರು ಹಗ್ಗ ಸುತ್ತುತ್ತಿದ್ದರು. ಬಂಡೆ ಒಡೆದು ಹಿಂದಿನ ಸಂಜೆಯೇ ನೀರು ಬಂದಿತ್ತು. ಅಪ್ಪ ಕಟ್ಟೆಯ ಮೇಲೆ ಕರ್ಪೂರ ಹಚ್ಚುತ್ತಿದ್ದ. ಚಿಕ್ಕಮ್ಮನ ಮಗ ಮೊದಲ ಕೊಡ ಸೇದಿ, ಬೊಗಸೆಯಲ್ಲಿ ಕುಡಿದು, "ಸಕ್ಕರೆ ಕಣಣ್ಣಾ, ಕುಡಿ" ಎಂದ. ಮನೆಯಲ್ಲಿ ಅಮ್ಮ ಹುರಳಿಯ ದೊಡ್ಡ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿ ಬೋರಲು ಹಾಕಿದ್ದಳು.

ಆ ನೀರನ್ನು ಎಲ್ಲರೂ ಸಿಹಿ ಎಂದರು. ನನಗೆ ಅದರಲ್ಲಿ ಯಾವ ರುಚಿಯೂ ಸಿಗಲಿಲ್ಲ.

ಮಾಲೂರಿಗೆ ಅವನೇ ಇಳಿದ. ನಾನು ಎಣ್ಣೆ ಬಟ್ಟಲು ಹಿಡಿದು ಅಂಚಿನಲ್ಲಿ ನಿಂತಿದ್ದೆ. ಅಲ್ಲಿ ಅವನು ಸೋತ ಎಂದೇ ನನ್ನ ನೆನಪು. ಮನೆಯವರೆಲ್ಲ ಗೆದ್ದ ಎನ್ನುತ್ತಾರೆ; ಚಿಕ್ಕಮ್ಮ ಆ ಸಂಜೆ ಬೀದಿಗೆಲ್ಲ ಬೆಲ್ಲ ಹಂಚಿದಳಂತೆ. ನಾನು ಯಾರ ಹತ್ತಿರವೂ ವಾದಿಸುವುದಿಲ್ಲ. ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತದೆ: ಎದುರಾಳಿ ಅವನ ಸೊಂಟ ಹಿಡಿಯುತ್ತಾನೆ, ಎತ್ತುತ್ತಾನೆ, ಅವನು ಬೀಳುತ್ತಾನೆ, ಧೂಳು ಏಳುತ್ತದೆ. ಆಮೇಲೆ ಅವನು ಎದ್ದು ನನ್ನ ಕಡೆ ಬೆನ್ನು ತಿರುಗಿಸಿ ವಸ್ತಾದರ ಹತ್ತಿರ ನಡೆಯುತ್ತಾನೆ. ಆ ಬೆನ್ನಿನ ತುಂಬ ನಾನು ಮಣ್ಣು ಹುಡುಕುತ್ತೇನೆ. ಎಣ್ಣೆ ಹೊಳೆಯುತ್ತಿರುತ್ತದೆ. ಮಣ್ಣು ಇರುವುದಿಲ್ಲ.