ತೆರಿಗೆ ಸೊನ್ನೆ

ಭದ್ರಾವತಿಯ ಹಳೇನಗರದಲ್ಲಿ ನನ್ನ ತೆರಿಗೆ ರಿಟರ್ನ್ ಹಾಕಿಕೊಡುತ್ತಿದ್ದವರು ಯಾರ ಪ್ಯಾನ್ ಕಾರ್ಡನ್ನಾದರೂ ಅಂಗಿಯ ತೋಳಿಗೆ ಒರೆಸಿಕೊಂಡೇ ಓದುತ್ತಿದ್ದರು. ಆಟೋದವರು, ಮೆಸ್ ನಡೆಸುವವರು, ಯಾರೇ ಬಂದರೂ ಅವರದು ಒಂದೇ ಮಾತು: "ಹೊಸ ಪದ್ಧತೀಲಿ ತೆರಿಗೆ ಸೊನ್ನೆ. ಆದಾಯ ಧಾರಾಳವಾಗಿ ತೋರಿಸಿ, ಬ್ಯಾಂಕಿನೋರು ಎದ್ದು ನಿಂತು ಸಾಲ ಕೊಡ್ತಾರೆ."

ಕಳೆದ ವರ್ಷ ನಾನು ಅಲ್ಲಿ ಕೂತಿದ್ದಾಗ ಬಟ್ಟೆ ಹೊಲಿಯುವ ಹೆಂಗಸೊಬ್ಬರು ಬಂದರು. ಹೊಲಿಗೆ ಯಂತ್ರದ ಸಾಲಕ್ಕೆಂದು ಇವರೇ ಅವರ ರಿಟರ್ನ್ ಹಾಕಿದ್ದರು. ಸಾಲವೇನೋ ಸಿಕ್ಕಿತ್ತು. ಆದರೆ ರಿಟರ್ನಿನಲ್ಲಿ ಆದಾಯ ಹೆಚ್ಚಿದೆಯೆಂದು ಬಿಪಿಎಲ್ ಕಾರ್ಡು ರದ್ದಾಗಿತ್ತು.

"ತೆರಿಗೆ ಸೊನ್ನೆ ಅಂದ್ರಿ. ಈಗ ಅಕ್ಕೀನೂ ಸೊನ್ನೆ ಆಯ್ತಲ್ಲ ಸರ್."

"ನನಗಿದು ಹೊಳೀಲೇ ಇಲ್ಲಮ್ಮ," ಎಂದರು. ಅವರ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಥಟ್ಟನೆ ಏನೋ ನೆನಪಾದವರಂತೆ ಆಯನೂರಿನ ತಂಗಿಗೆ ಫೋನ್ ಹಚ್ಚಿದರು. ಇಡ್ಲಿ ಹೋಟೆಲ್ ನಡೆಸುವ ಆಕೆಯ ರಿಟರ್ನನ್ನೂ ಹಿಂದಿನ ವಾರವಷ್ಟೇ ಹೀಗೆಯೇ ಹಾಕಿದ್ದರು. ಸ್ಪೀಕರಿನಲ್ಲಿ ನಮಗೂ ಕೇಳುತ್ತಿತ್ತು.

"ಏನಣ್ಣಾ, ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ನಾ ಇವತ್ತು?"

"ನಿಂದು ಯಾವ ರೇಷನ್ ಕಾರ್ಡು ಮಾರಾಯ್ತಿ?"

"ಬಿಪಿಎಲ್ಲು. ನೀನೇ ತಾನೆ ಓಡಾಡಿ ಮಾಡಿಸಿಕೊಟ್ಟಿದ್ದು? ಯಾಕಣ್ಣಾ?"

ಅವರು ಫೋನನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಆ ಕಡೆ ತಂಗಿ "ಅಣ್ಣಾ, ಅಣ್ಣಾ" ಎನ್ನುತ್ತಲೇ ಇದ್ದಳು. ಕೊನೆಗೆ ಹೊಲಿಗೆಯ ಹೆಂಗಸೇ ಫೋನ್ ಎತ್ತಿಕೊಂಡರು.

"ನಾನು ಹೇಳ್ತೀನಿ ಕೇಳಮ್ಮ," ಎಂದರು.