ಒತ್ತಿದರೆ ಏಳುವ ಸ್ವರ

ಹೋದ ತಿಂಗಳು ಒಂದು ಬೆಳಿಗ್ಗೆ ಒಗ್ಗರಣೆಗೆ ಸಾಸಿವೆ ಹಾಕಿ ನಿಂತಿದ್ದೆ. ಫೋನಿಗೆ ಸಂಗೀತದ ಒಂದು ತುಣುಕು ಬಂತು. ಬೇರೆ ಯಾರದೋ ಅಲ್ಲ, ಬೆಂಗಳೂರಿಗೆ ಹೋಗಿ ನಾನೇ ಗಿಟಾರಿನಲ್ಲಿ ನುಡಿಸಿ ಬಂದದ್ದು. ಬೇರೆ ಬೇರೆ ಊರುಗಳ ಗಿಟಾರ್ ವಾದಕರನ್ನು ಸೇರಿಸಿ ಒಂದು ಸಂಸ್ಥೆಯವರು ಆಲ್ಬಮ್ ತರುತ್ತಿದ್ದರು. ಜೊತೆಗೆ ಧ್ವನಿಮುದ್ರಣದ ಹುಡುಗ ಬರೆದಿದ್ದ: "ಮೇಡಂ, ಅಲ್ಲಲ್ಲಿ ಸ್ವರ ಸ್ವಲ್ಪ ಜಾರಿತ್ತು, ಸರಿ ಮಾಡಿದ್ದೀನಿ. ಒಮ್ಮೆ ಕೇಳಿಬಿಡಿ."

ಕೇಳಿದೆ. ಸಾಸಿವೆ ಸೀದುಹೋಯಿತು.

ಸಾಲಿನ ಕೊನೆಯಲ್ಲಿ ನನ್ನ ಎಡಗೈ ಬೆರಳು ಸ್ವರದಿಂದ ಒಂದಿಷ್ಟು ಕೆಳಗೆ ಜಾರುತ್ತದೆ, ಅಲ್ಲೇ ಒಂದು ಉಸಿರಿನಷ್ಟು ಹೊತ್ತು ಕೂರುತ್ತದೆ, ಆಮೇಲೆ ತಾನಾಗಿ ಏಳುತ್ತದೆ. ಆ ಹುಡುಗ ಅದಕ್ಕೆ ಕಂಪ್ಯೂಟರಿನಲ್ಲಿ ಇಸ್ತ್ರಿ ಹಾಕಿದ್ದ. ಎಲ್ಲ ಸ್ವರಗಳೂ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ನೆಟ್ಟಗೆ ನಿಂತಿದ್ದವು. ಅದೂ ಸಾಲದೆಂಬಂತೆ ಕೆಳಗೆ "ಸಾಂಪ್ರದಾಯಿಕ ಧಾಟಿ" ಎಂದು ಬರೆದಿತ್ತು. ನಾನು ಬರೆದುಕೊಟ್ಟಿದ್ದ ಹೆಸರು ಎಲ್ಲಿಯೂ ಇರಲಿಲ್ಲ. ಬಾಣಲೆಯನ್ನು ನಲ್ಲಿಯ ಕೆಳಗೆ ಹಿಡಿದೆ. ಭುಸ್ಸೆಂದು ಎದ್ದ ಹೊಗೆ ಬಾಣಲೆಯದೋ ನನ್ನದೋ ಹೇಳುವುದು ಕಷ್ಟವಾಗಿತ್ತು.

ಒಂದು ಜಾರು ಸ್ವರಕ್ಕೆ ಇಷ್ಟು ರಂಪವೇ ಎಂದು ನೀವು ಕೇಳಬಹುದು. ನನ್ನ ಗಂಡನೂ ಅದನ್ನೇ ಕೇಳಿದರು. ಅವತ್ತು ಅವರಿಗೆ ಒಗ್ಗರಣೆಯಿಲ್ಲದ ಸಾರೇ ಗತಿಯಾಯಿತು. ನೀವಾದರೂ ಸ್ವಲ್ಪ ಸಮಾಧಾನದಿಂದ ಕೇಳಿ.

ಗಿಟಾರ್ ನುಡಿಸುವವರನ್ನು ಕಂಡಕೂಡಲೇ ಜನ ಒಂದು ಪ್ರಶ್ನೆ ಕೇಳುತ್ತಾರೆ: "ನಿಮ್ಮ ಮೇಲೆ ಯಾರ ಪ್ರಭಾವ?" ಕೇಳುವಾಗಲೇ ಅವರ ಕಣ್ಣಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಯಾವುದಾದರೂ ಕಡಲಾಚೆಯ ಹೆಸರು ಹೇಳಬೇಕು, ಅವರು ತಲೆದೂಗಬೇಕು. ಆ ಕಡಲಾಚೆಯವರನ್ನು ನಾನು ಕೇಳಿಲ್ಲವೆಂದಲ್ಲ. ಕ್ಯಾಸೆಟ್ಟಿನ ಟೇಪು ಸುಕ್ಕಾಗುವವರೆಗೂ ಕೇಳಿದ್ದೇನೆ. ಆದರೆ ನನ್ನ ಎಡಗೈ ಕಲಿತದ್ದು ಹಿರಿಯೂರಿನ ಜೈನಬ್ಬಮ್ಮನಿಂದ, ಬಲಗೈ ಕಲಿತದ್ದು ಆಕೆಯ ಗಂಡ ಹುಸೇನ್ ಸಾಬರಿಂದ. ಇಬ್ಬರೂ ಗಿಟಾರ್ ಮುಟ್ಟಿದವರಲ್ಲ. ಹೀಗೆಂದರೆ ಕೇಳಿದವರು ಮುಗುಳ್ನಕ್ಕು, "ಹೌದೌದು, ಬೇರುಗಳು ಮುಖ್ಯ" ಎಂದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಆ ಮುಗುಳ್ನಗೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮಪ್ಪನಿಗೆ ಬಬ್ಬೂರಿನ ಕೃಷಿ ಫಾರಂನಲ್ಲಿ ಕೆಲಸ. ಹಿರಿಯೂರಿನಲ್ಲಿ ಬಾಡಿಗೆ ಮನೆ. ಗೋಡೆಯಾಚೆ ಹುಸೇನ್ ಸಾಬರ ಮನೆ. ತಲೆತಲಾಂತರದಿಂದ ಹತ್ತಿ ಹಿಂಜಿ ಹಾಸಿಗೆ ತುಂಬುವವರು. ಮುಂದಿನ ಪಡಸಾಲೆಯಲ್ಲಿ ಅವರ ಆಳೆತ್ತರದ ಬಿಲ್ಲು. ಅದಕ್ಕೆ ಬಿಗಿದ ಹುರಿಯನ್ನು ಹತ್ತಿಯ ರಾಶಿಗೆ ತಾಗಿಸಿ ಮರದ ಹಿಡಿಯಿಂದ ಹೊಡೆಯುತ್ತಿದ್ದರು. ಹುರಿ ಹತ್ತಿಯೊಳಗೆ ಹೂತಿದ್ದಾಗ "ಧಬ್ ಧಬ್" ಎಂಬ ಮುಚ್ಚಿದ ಸದ್ದು. ಹತ್ತಿಯಿಂದ ಮೇಲೆದ್ದಾಗ "ಢಂಯ್" ಎಂಬ ಬಿಚ್ಚಿದ ಸದ್ದು. ನನ್ನ ಬಾಲ್ಯವೆಲ್ಲ ಆ ಮುಚ್ಚಿದ ಸದ್ದಿಗೂ ಬಿಚ್ಚಿದ ಸದ್ದಿಗೂ ನಡುವೆ ಕಳೆಯಿತು.

ಗಿಟಾರ್ ಬಂದದ್ದು ಹೊಳಲ್ಕೆರೆಯಿಂದ. ನನ್ನ ಸೋದರಮಾವ ಕಾಲೇಜಿನ ದಿನಗಳಲ್ಲಿ ಯಾರನ್ನೋ ಮೆಚ್ಚಿಸಲು ಅದನ್ನು ಕೊಂಡಿದ್ದ. ಆಕೆ ಮೆಚ್ಚಲಿಲ್ಲ. ಗಿಟಾರ್ ಅಟ್ಟ ಸೇರಿತು, ಅಲ್ಲಿಂದ ನನ್ನ ಮಡಿಲಿಗೆ ಬಂತು. ತಂತಿಗಳ ಬುಡದಲ್ಲಿ ಅಂಗೈ ಒರಗಿಸಿ ಮೀಟಿದರೆ ಸಾಬರ ಹತ್ತಿಯೊಳಗಿನ ಸದ್ದು, ಕೈ ಎತ್ತಿದರೆ ಹತ್ತಿಯಾಚೆಗಿನ ಸದ್ದು ಬರುತ್ತದೆಂದು ನಾನೇ ಕಂಡುಕೊಂಡೆ. ಆಮೇಲೆ ಭಾನುವಾರ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಪಾಠಕ್ಕೆ ಹೋದಾಗ ಮೇಷ್ಟ್ರು ರೇಗಿದರು: "ಏನಮ್ಮ, ಗಿಟಾರ್ ಮೇಲೆ ದಿಂಬು ಇಟ್ಕಂಡು ನುಡಿಸ್ತೀಯಾ?" ಬೈದದ್ದೇನೋ ನಿಜ, ಆದರೆ ಅಷ್ಟು ಸರಿಯಾಗಿ ಯಾರೂ ನನ್ನನ್ನು ಮತ್ತೆ ಬೈದಿಲ್ಲ.

ಇನ್ನು ಜೈನಬ್ಬಮ್ಮ. ಅರಿಶಿನದ ಶಾಸ್ತ್ರವೆಂದರೆ ಆಕೆಯನ್ನು ಕರೆಯಲೇಬೇಕು. ಢೋಲಕ್ಕನ್ನು ತೊಡೆಯಡಿ ಇಟ್ಟುಕೊಂಡು ಕನ್ನಡ, ಉರ್ದು ಬೆರೆಸಿ ಹಾಡುತ್ತಿದ್ದಳು. ಇಂಪಾದ ಕಂಠವಲ್ಲ, ಹತ್ತಿಯ ಧೂಳು ಕುಡಿದು ಸ್ವಲ್ಪ ಒರಟಾಗಿತ್ತು. ಆದರೆ ಸಾಲಿನ ಕೊನೆಗೆ ಆ ಕಂಠ ಕೆಳಗಿಳಿದು ಕೂತುಬಿಡುತ್ತಿತ್ತು. ಇನ್ನೇನು ಏಳುವುದಿಲ್ಲವೆಂದು ನಮಗೆ ಅನ್ನಿಸುವಾಗ ಎದ್ದು ನಿಲ್ಲುತ್ತಿತ್ತು.

ಆಕೆಯ ಮಗಳು ನಸೀಮಾ ನನ್ನ ಓರಗೆಯವಳು. ಅವಳನ್ನು ಹೊಸದುರ್ಗಕ್ಕೆ ಕೊಟ್ಟರು. ಮದುವೆಗೆ ಮುಂಚಿನ ವಾರ ಜೈನಬ್ಬಮ್ಮ ಮಗಳಿಗೆ ಕೊಡುವ ಹಾಸಿಗೆಯನ್ನು ತಾನೇ ತುಂಬುತ್ತ ಒಂದು ಹಾಡು ಕಟ್ಟಿದಳು. ನಾನೂ ನಸೀಮಾಳೂ ಎದುರಿಗೇ ಕುಳಿತಿದ್ದೆವು.

"ಅಪ್ಪ ಹಿಂಜಿದ ಹತ್ತಿ, ಅವ್ವ ತುಂಬಿದ ಹಾಸ್ಗೆ, ಒತ್ತೀದ್ರೆ ಏಳ್ತೈತೆ, ನಸೀಮಾ, ಹಂಗೇ ಏಳವ್ವ."

ದಬ್ಬಳ ಚುಚ್ಚುತ್ತಲೇ ಕೇಳಿದಳು: "'ಏಳವ್ವ' ಅಂತ ಇರ್ಲೋ, 'ಮಲಗವ್ವ' ಅಂತ ಇರ್ಲೋ?"

"ಮದ್ವೆ ದಿನಾನೂ ಏಳು ಏಳು ಅಂತೀಯಲ್ಲಮ್ಮ, ಅಲ್ಲಾದ್ರೂ ಮಲಗಾಕೆ ಬಿಡು" ಎಂದು ನಸೀಮಾ ನಕ್ಕಳು.

ಜೈನಬ್ಬಮ್ಮ ನಗಲಿಲ್ಲ. "ಅಲ್ಲಿ ನಿನ್ನ ಒತ್ತೋರು ಇರ್ತಾರೆ ಮಗ. ಏಳವ್ವ ಅಂತಾನೇ ಇರ್ಲಿ" ಎಂದಳು.

"ಒತ್ತೀದ್ರೆ" ಎಂಬಲ್ಲಿ ಸ್ವರ ಕೆಳಗೆ ಹೋಗುತ್ತಿತ್ತು, "ಏಳ್ತೈತೆ" ಎಂಬಲ್ಲಿ ಮೇಲೆ ಬರುತ್ತಿತ್ತು. ಅರಿಶಿನದ ದಿನ ನಾನು ಮೂಲೆಯಲ್ಲಿ ಗಿಟಾರ್ ಹಿಡಿದು ಅದನ್ನು ಹಿಂಬಾಲಿಸಿದೆ. ನನ್ನ ಬೆರಳು ಜಾರುವುದನ್ನು ಕಲಿತದ್ದು ಅವತ್ತು. ಇಳಿಯುವುದು ಸುಲಭ, ಅಲ್ಲಿ ಗಾಬರಿಯಾಗದೆ ಕೂರುವುದು ಕಷ್ಟ.

ಕೆಲವು ವರ್ಷಗಳ ಮೇಲೆ ಯಾವುದೋ ಸಾಂಸ್ಕೃತಿಕ ಸಂಘದವರು ಮದುವೆ ಹಾಡುಗಳನ್ನು ಸಂಗ್ರಹಿಸುತ್ತ ಹಿರಿಯೂರಿಗೆ ಬಂದರು. ಜೈನಬ್ಬಮ್ಮನನ್ನು ಪಡಸಾಲೆಯಲ್ಲಿ ಕೂರಿಸಿ ಹಾಡಿಸಿಕೊಂಡರು, ಟೀ ಕುಡಿದು ಹೋದರು. ಆಮೇಲೆ ಕ್ಯಾಸೆಟ್ ಬಿಡುಗಡೆಯ ಸಮಾರಂಭ ಚಿತ್ರದುರ್ಗದಲ್ಲಿದೆಯೆಂದು ನನಗೆ ಬೇರೆಯವರಿಂದ ತಿಳಿಯಿತು. ಆಕೆಗೆ ಕರೆಯೇ ಇರಲಿಲ್ಲ. ನಾನೇ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ, "ಮೈಕಿನಾಗೆ ನನ್ ಗಂಟ್ಲು ಹೆಂಗೆ ಕೇಳ್ತೈತೋ ಏನೋ" ಎನ್ನುತ್ತಿದ್ದಳು.

ಆಕೆಯ ಗಂಟಲು ಕೇಳಲೇ ಇಲ್ಲ. ಬೇರೊಬ್ಬ ಗಾಯಕಿ, ಶಾಸ್ತ್ರೀಯವಾಗಿ ಕಲಿತವರು, ಆ ಹಾಡನ್ನು ಕೊಳಲು ತಬಲಾಗಳ ಜೊತೆ ತಿದ್ದಿ ತೀಡಿ ಹಾಡಿದ್ದರು. ಒತ್ತುವುದೂ ಇಲ್ಲ, ಏಳುವುದೂ ಇಲ್ಲ. ಸ್ವರ ನುಣ್ಣಗೆ ಹಾದುಹೋಯಿತು. ನಸೀಮಾ ಎಂದಿರಬೇಕಾದಲ್ಲಿ "ತಂಗ್ಯಮ್ಮ" ಎಂದಾಗಿತ್ತು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ "ಜಾನಪದ" ಎಂದಿತ್ತು, ಅದರ ಕೆಳಗೆ ಸಂಗ್ರಹಿಸಿದವರ ಹೆಸರು, ಭಾವಚಿತ್ರದ ಸಮೇತ.

ನಾನು ಇನ್ನೂ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಜೈನಬ್ಬಮ್ಮ ಎದ್ದು ನಿಂತಳು. "ಸ್ವಾಮಿ, ಇದು ನಾನು ನನ್ ಮಗಳಿಗೆ ಕಟ್ಟಿದ್ ಹಾಡು. ನನ್ ಮಗಳ ಹೆಸರು ಎಲ್ಲಿಗೆ ಹೋತು? ಈ ತಂಗ್ಯಮ್ಮ ಯಾರು?"

ಸಭೆ ನಕ್ಕಿತು. ಸಂಗ್ರಹಿಸಿದ ಮಹನೀಯರು ವೇದಿಕೆಯಿಂದಲೇ ಬಹಳ ಮೃದುವಾಗಿ ಹೇಳಿದರು: "ಅಮ್ಮಾ, ಜಾನಪದ ಅನ್ನೋದು ಯಾರೊಬ್ಬರದೂ ಅಲ್ಲ, ಅದು ಎಲ್ಲರದು. ಒಂದು ಹೆಸರಿದ್ದರೆ ಎಲ್ಲರೂ ಹಾಡೋದಕ್ಕಾಗಲ್ಲ."

"ಎಲ್ಲಾರ್ದೂ ಆಗ್ಲಿ, ಬ್ಯಾಡ ಅಂದೋರ್ಯಾರು? ಎಲ್ಲಾರೂ ಹಾಡ್ಲಿ. ಆ ಎಲ್ಲಾರ ಒಳಗೆ ನಾನೂ ಒಬ್ಬಾಕಿ ಅಲ್ಲೇನ್ರಿ? ನನ್ನೊಬ್ಬಾಕಿನ್ನೇ ಯಾಕೆ ಹೊರಗೆ ಹಾಕಿದ್ರಿ?"

ಇದಕ್ಕೆ ಅವರು ಏನು ಉತ್ತರ ಕೊಟ್ಟರೆಂದು ಕೇಳುತ್ತೀರಾ? ಚಪ್ಪಾಳೆ ತಟ್ಟಿಸಿದರು. ಆಕೆಯನ್ನು ವೇದಿಕೆಗೆ ಕರೆದು ಒಂದು ಶಾಲು ಹೊದಿಸಿದರು, ಫೋಟೋ ತೆಗೆಸಿಕೊಂಡರು, ಕೈ ಹಿಡಿದು ಕೆಳಗಿಳಿಸಿದರು. ನಮ್ಮಲ್ಲಿ ಬಾಯಿ ಮುಚ್ಚಿಸಲು ಶಾಲಿನಷ್ಟು ಚೆನ್ನಾದ ಬಟ್ಟೆ ಇನ್ನೊಂದಿಲ್ಲ. ಹಿಂದಿರುಗುವಾಗ ಬಸ್ಸು ಐಮಂಗಲ ದಾಟುವವರೆಗೂ ಆಕೆ ಅದನ್ನು ಹೊದ್ದೇ ಕೂತಿದ್ದಳು. ಆಮೇಲೆ ಶಾಲನ್ನು ತೆಗೆದು ಮಡಿಚಿ, "ಸೆಕೆ ಕಣವ್ವ" ಎಂದಳಷ್ಟೆ. ಅದು ಹುಸೇನ್ ಸಾಬರ ಹತ್ತಿ ಮೂಟೆಗೆ ಹೊದಿಕೆಯಾಯಿತು.

ಜೈನಬ್ಬಮ್ಮ ಈಗಿಲ್ಲ. ಸಾಬರೂ ಇಲ್ಲ. ನಾನು ಚಿತ್ರದುರ್ಗದಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತ, ಕರೆದಲ್ಲಿ ನುಡಿಸುತ್ತ ಇದ್ದೇನೆ. ಬೆಂಗಳೂರಿನವರು ಯಾವುದಾದರೂ ಒಂದು ನುಡಿಸಿ ಎಂದಾಗ ಈ ಹಾಡನ್ನೇ ನುಡಿಸಿ, "ರಚನೆ: ಜೈನಬ್ಬಮ್ಮ, ಹಿರಿಯೂರು" ಎಂದು ಬರೆದುಕೊಟ್ಟಿದ್ದೆ. ಇಷ್ಟಾದ ಮೇಲೆ ಹೇಳಿ, ಸಾಸಿವೆ ಸೀಯದೆ ಇರುತ್ತದೆಯೇ?

ಆ ಹುಡುಗನಿಗೆ ಫೋನು ಮಾಡಿದೆ. ಒಳ್ಳೆಯ ಹುಡುಗ, ಅದೇ ತೊಂದರೆ, ಜಗಳಕ್ಕೆ ಸಿಗುವುದಿಲ್ಲ.

"ಮೇಡಂ, ಕೇಳೋರಿಗೆ ಅದು ಅಪಸ್ವರ ಅನ್ಸುತ್ತೆ."

"ನನಗೆ ಅನ್ನಿಸಲ್ಲವಲ್ಲಪ್ಪ. ನುಡಿಸಿದವಳು ನಾನು."

"ವಿದೇಶದವರು ಹೀಗೆ ತಂತಿ ಎಳೆದ್ರೆ ಒಂದು ಸ್ಟೈಲ್ ಅಂತ ಜನಕ್ಕೆ ಗೊತ್ತಾಗುತ್ತೆ ಮೇಡಂ. ನಿಮ್ಮದು..." ಎಂದು ನಿಲ್ಲಿಸಿದ.

"ನನ್ನದು?"

ಮೇಲಿನವರನ್ನು ಕೇಳಿ ಹೇಳುತ್ತೇನೆಂದ. ನೋಡಿ, ಎಷ್ಟು ಚೆನ್ನಾಗಿದೆ! ಅಲ್ಲಿಯವರು ಸ್ವರ ಬಗ್ಗಿಸಿದರೆ ಶೈಲಿ, ಹಿರಿಯೂರಿನ ಹೆಂಗಸು ಬಗ್ಗಿಸಿದರೆ ತಪ್ಪು. ಅವರಿಗೆ ಹೆಸರಿರುತ್ತದೆ, ನಮಗೆ ಪರಂಪರೆ ಇರುತ್ತದೆ.

ಕೊನೆಗೆ ಮೇಲಿನವರು ಫೋನಿಗೆ ಬಂದರು. ಹೆಸರು ಹಾಕಲು ದಾಖಲೆ ಬೇಕೆಂದರು. ಇಲ್ಲದಿದ್ದರೆ ಸಾಂಪ್ರದಾಯಿಕ ಎಂದೇ ಹಾಕಬೇಕಂತೆ. ಸ್ವರ ಬೇಕಾದರೆ ಹಿಂದಿನಂತೆ ಬಿಡುತ್ತೇವೆ, ಹೆಸರು ಮಾತ್ರ ಆಗುವುದಿಲ್ಲ ಎಂದು ತರಕಾರಿಯ ಹಾಗೆ ಚೌಕಾಸಿ ಮಾಡಿದರು. ಮುಂಚೆಯಾಗಿದ್ದರೆ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆನೇನೋ. "ನನ್ನ ಹಾಡನ್ನು ತೆಗೆದುಬಿಡಿ" ಎಂದೆ. ತೆಗೆದರು. ಆಲ್ಬಮ್ ಹೊರಗೆ ಬಂತು, ಚೆನ್ನಾಗಿದೆಯಂತೆ. ನಾನು ಕೇಳಿಲ್ಲ, ಕೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಸಿಟ್ಟು ಇಳಿಯಲಿಲ್ಲ. ಅದನ್ನು ನಸೀಮಾಳಿಗೆ ಫೋನಿನಲ್ಲಿ ಸುರಿದೆ. ಅವಳು ಎಲ್ಲ ಕೇಳಿ, "ಆತಲ್ಲ, ಬಿಡೇ. ಐತವಾರ ನನ್ ಮೊಮ್ಮಗಳಿಗೆ ಅರಿಶಿಣ ಹಚ್ತೀವಿ. ಗಿಟಾರ್ ತಗಂಡು ಬಾ. ಉಡುಗೊರೆ ಗಿಡುಗೊರೆ ಏನೂ ತರಬ್ಯಾಡ" ಎಂದಳು.

ಹೋದ ಭಾನುವಾರ ಹೊಸದುರ್ಗಕ್ಕೆ ಹೋದೆ. ನಡುಮನೆಯ ತುಂಬ ಹೆಂಗಸರು, ಮೈಕಿಲ್ಲ. ಗೋಡೆಗೆ ಒರಗಿ ಕೂತೆ. ನಸೀಮಾ ಢೋಲಕ್ ಎಳೆದುಕೊಂಡಳು. ಮಂಡಿನೋವಿನ ಹೆಂಗಸು, ಕಾಲು ಚಾಚಿಕೊಂಡೇ ಬಾರಿಸಿದಳು. ಹಾಡು ಶುರುವಾಯಿತು. "ಒತ್ತೀದ್ರೆ" ಬಂದಾಗ ಅವಳ ದನಿ ಇಳಿಯಿತು, ನನ್ನ ಬೆರಳೂ ಇಳಿಯಿತು. ಇಬ್ಬರೂ ಕೆಳಗೆ ಕೂತೆವು. ಯಾರು ಮೊದಲು ಏಳಬೇಕೆಂದು ಅವಳು ನನ್ನನ್ನು, ನಾನು ಅವಳನ್ನು ನೋಡಿದೆವು. ಆಮೇಲೆ ಒಟ್ಟಿಗೇ ಎದ್ದೆವು.

ದಾವಣಗೆರೆಯಿಂದ ಬಂದಿದ್ದ ಗಂಡಿನ ತಾಯಿ ಹಾಡು ಮುಗಿಯುತ್ತಲೇ ಕೇಳಿದರು: "ಭಾಳ ಚಲೋ ಐತ್ರಿ. ಯಾರ್ದು ಈ ಹಾಡು?"

ನಾನು ಬಾಯಿ ತೆರೆದೆ. ಇಷ್ಟು ವರ್ಷಗಳ ಕತೆಯನ್ನೆಲ್ಲ, ಸಂಘ, ಸಭೆ, ಸಂಸ್ಥೆ, ಒಂದೂ ಬಿಡದೆ ಹೇಳಿಬಿಡಲು ಉಸಿರು ತುಂಬಿಕೊಂಡೆ.

"ನಮ್ಮಮ್ಮಂದು" ಎಂದಳು ನಸೀಮಾ. ಅಷ್ಟೇ. ಗಂಡಿನ ತಾಯಿ ತಲೆಯಾಡಿಸಿ, "ಇನ್ನೊಮ್ಮೆ ಹೇಳ್ರಿ, ನಾನೂ ಕಲಿತೀನಿ" ಎಂದು ಹತ್ತಿರ ಸರಿದು ಕೂತರು. ತುಂಬಿಕೊಂಡ ಉಸಿರನ್ನು ಏನು ಮಾಡುವುದೆಂದು ನನಗೆ ತಿಳಿಯಲಿಲ್ಲ. ನಸೀಮಾ ಆಗಲೇ ಮೊದಲ ಸಾಲು ಎತ್ತಿಕೊಂಡಿದ್ದಳು, ಅದೂ ಬೇರೆ ಶ್ರುತಿಯಲ್ಲಿ. ನಾನು ಅವಸರದಿಂದ ತಂತಿ ತಡಕತೊಡಗಿದೆ.